ಬೆನ್ನಿಗೆ ಎಷ್ಟು ಬೇಕೋ ಅಷ್ಟೇ: ಕುಮಾರ ಪರ್ವತಕ್ಕೆ ಹಗುರ ಬ್ಯಾಗ್ ಕಟ್ಟುವ ಬಗೆ

2016ರ ಡಿಸೆಂಬರಿನಲ್ಲಿ ಮೊದಲ ಸಲ ಕುಮಾರ ಪರ್ವತ ಹತ್ತಿದಾಗ ನನ್ನ ಬೆನ್ನ ಮೇಲೆ 15 ಕೆಜಿ 200 ಗ್ರಾಂ ಇತ್ತು. ಹತ್ತುವಾಗ ಈ ಲೆಕ್ಕ ಗೊತ್ತಿರಲಿಲ್ಲ. ಪುತ್ತೂರಿಗೆ ವಾಪಸ್ ಬಂದ ಮೂರನೇ ದಿನ, ಬಲಮೊಣಕಾಲು ಇನ್ನೂ ಊದಿಕೊಂಡೇ ಇದ್ದಾಗ, ಅದೇ ಬ್ಯಾಗಿಗೆ ಅದೇ ಸಾಮಾನು ತುಂಬಿದೆ. ತಿಂದು ಮುಗಿಸಿದ್ದರ ಬದಲಿಗೆ ಅಷ್ಟೇ ತೂಕದ ಅಕ್ಕಿ ಹಾಕಿದೆ. ಮನೆಯಲ್ಲಿ ಅಡಿಕೆ ತೂಗುವ ತಕ್ಕಡಿಗೆ ನೇತುಹಾಕಿ ನೋಡಿದೆ. ಆಮೇಲೆ ಒಂದೊಂದೇ ಹೊರಗೆ ತೆಗೆದು, ತೂಗಿ, ನೋಟ್‌ಬುಕ್ಕಿನಲ್ಲಿ ಬರೆದೆ. ಆ ಹಾಳೆ ಈಗಲೂ ನನ್ನ ಹತ್ತಿರ ಇದೆ.

ಖಾಲಿ ಬ್ಯಾಗು 2 ಕೆಜಿ 100. ಇಬ್ಬರು ಮಲಗುವ ಟೆಂಟು 3 ಕೆಜಿ 200, ಅದನ್ನು ಹೊತ್ತದ್ದು ನಾನೊಬ್ಬಳೇ. ಸ್ಲೀಪಿಂಗ್ ಬ್ಯಾಗು 1 ಕೆಜಿ 900. ಬದಲಿ ಜೀನ್ಸ್ ಪ್ಯಾಂಟು 700 ಗ್ರಾಂ. ಟರ್ಕಿ ಟವೆಲು 450. ಎರಡು ಸ್ಟೀಲ್ ಬಾಟಲಿ, ನೀರಿಲ್ಲದೆಯೇ 760. ಸೇಬು, ಬ್ರೆಡ್ಡು, ಗಾಜಿನ ಬಾಟಲಿಯ ಜಾಮ್ ಎಲ್ಲ ಸೇರಿ ಹತ್ತಿರ ಹತ್ತಿರ ಎರಡು ಕೆಜಿ. ಉಳಿದದ್ದು ನೀರು, ಬಟ್ಟೆ, ಟಾರ್ಚು, ಕೊಡೆ.

ದಾರಿಯ ನಡುವೆ ಬರುವ ಗಿರಿಗದ್ದೆಗೆ ಸ್ವಲ್ಪ ಕೆಳಗೆ, ಕಾಡಿನ ಏರಿನಲ್ಲಿ ನಾನು ಒಂದು ಬೇರಿನ ಮೇಲೆ ಕೂತು ಏದುಸಿರು ಬಿಡುತ್ತಿದ್ದೆ. ಕೆಳಗಿನಿಂದ ಒಬ್ಬರು ತಲೆಯ ಮೇಲೆ ಅಕ್ಕಿ ಮೂಟೆ ಹೊತ್ತು ಹವಾಯಿ ಚಪ್ಪಲಿಯಲ್ಲಿ ಬಂದರು. ನನ್ನ ಬ್ಯಾಗು ನೋಡಿ ನಿಂತರು. "ಎಂತಕ್ಕೆ ಅಕ್ಕ ಇಷ್ಟು? ನಾಳೆ ಇಳಿಲಿಕ್ಕಿಲ್ವಾ?" ಅಂತ ಕೇಳಿದರು. ಕಾಳಜಿಯಿಂದಲೇ ಕೇಳಿದ್ದು. ಅವರು ಹೊತ್ತದ್ದು ಮೇಲೆ ಬೇಕಾದ ಅಕ್ಕಿ. ನಾನು ಹೊತ್ತದ್ದರಲ್ಲಿ ಅರ್ಧ ಮೇಲೆ ಬೇಡವಾದದ್ದು.

ಈಗ ಅದೇ ದಾರಿಯನ್ನು ಒಂದೇ ದಿನದಲ್ಲಿ 4 ಕೆಜಿ 600 ಗ್ರಾಂನಲ್ಲಿ ಮಾಡುತ್ತೇನೆ. ವಯಸ್ಸು ನಲವತ್ತಮೂರು. ಮೊಣಕಾಲು ಆಮೇಲೆ ಒಮ್ಮೆಯೂ ಊದಿಲ್ಲ. ಇದಕ್ಕೆ ದುಬಾರಿ ಸಾಮಾನು ಕೊಳ್ಳಬೇಕಿಲ್ಲ. ಒಂದು ತಕ್ಕಡಿ ಮತ್ತು ಒಂದು ಸಂಜೆ ಸಾಕು. ನಾನು ಮಾಡಿದ ಹಾಗೇ ಹೇಳುತ್ತೇನೆ.

ಮೊದಲು ದಾರಿ ಎಂಥದ್ದು ಅಂತ ತಿಳಿದಿರಲಿ. ಕುಮಾರ ಪರ್ವತದ ಎತ್ತರ 1,712 ಮೀಟರ್. ಮುಳ್ಳಯ್ಯನಗಿರಿ 1,930 ಮೀಟರ್, ಅದಕ್ಕಿಂತ ಎತ್ತರ. ಆದರೆ ಅಲ್ಲಿ ಮೆಟ್ಟಿಲಿನ ಹತ್ತಿರದ ತನಕ ಗಾಡಿ ಹೋಗುತ್ತದೆ. ಇಲ್ಲಿ ಹಾಗಲ್ಲ. ಕುಕ್ಕೆ ಸುಬ್ರಹ್ಮಣ್ಯ ಇರುವುದೇ ಘಟ್ಟದ ಬುಡದಲ್ಲಿ. ಅಲ್ಲಿಂದ ಶುರು ಮಾಡಿದರೆ ಸುಮಾರು 1,600 ಮೀಟರ್ ಏರನ್ನು ನಮ್ಮ ಕಾಲೇ ಏರಬೇಕು, ಮತ್ತೆ ಅಷ್ಟನ್ನೂ ಇಳಿಯಬೇಕು. ಮೊದಲು ದಟ್ಟ ಕಾಡು, ಭೀಮನ ಬಂಡೆ, ಆಮೇಲೆ ಗಿರಿಗದ್ದೆಯ ಭಟ್ಟರ ಮನೆ, ಅರಣ್ಯ ಇಲಾಖೆಯ ಚೆಕ್‌ಪೋಸ್ಟು. ಅಲ್ಲಿಂದ ಮುಂದೆ ನೆರಳೇ ಇಲ್ಲದ ಹುಲ್ಲುಗಾವಲು, ಕಲ್ಲು ಮಂಟಪ, ಶೇಷ ಪರ್ವತ. ಶೇಷ ಪರ್ವತದಿಂದ ಒಮ್ಮೆ ಶೋಲಾ ಕಾಡಿಗೆ (ಬೆಟ್ಟದ ಮಡಿಲಿನ ದಟ್ಟ ಕಾಡು) ಇಳಿದು, ನೀರು ಜಿನುಗುವ ಬಂಡೆ ಹತ್ತಿದರೆ ತುದಿ. ಆ ಬಂಡೆಯ ಮೇಲೆ ಬೆನ್ನಿನ ಭಾರ ಹಿಂದಕ್ಕೆ ಎಳೆಯುತ್ತದೆ. ಹಗುರ ಬ್ಯಾಗು ಅಲ್ಲಿ ಬರೀ ಆರಾಮದ ಮಾತಲ್ಲ, ಜೀವದ ಮಾತು.

ದಾರಿಯ ಮೇಲಿನ ಭಾಗ ಪುಷ್ಪಗಿರಿ ವನ್ಯಧಾಮದ ಒಳಗೆ ಬರುತ್ತದೆ. ತುದಿಯಲ್ಲಿ ರಾತ್ರಿ ಉಳಿಯುವಂತಿಲ್ಲ, ಬೆಂಕಿ ಹಾಕುವಂತಿಲ್ಲ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚುತ್ತಾರೆ. ಅರಣ್ಯ ಇಲಾಖೆಯ ಜಾಲತಾಣದಲ್ಲಿ ಮೊದಲೇ ಬುಕ್ ಮಾಡಿ, ಆ ದಿನದ ನಿಯಮ ಓದಿಕೊಂಡು ಹೊರಡಿ.

ತಕ್ಕಡಿಯಿಂದ ಶುರು

ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಪರಿಚಯದ ಕಿರಾಣಿ ಅಂಗಡಿಯಲ್ಲಿ ಮಧ್ಯಾಹ್ನದ ಖಾಲಿ ಹೊತ್ತಿನಲ್ಲಿ ತೂಗಿಸಿಕೊಳ್ಳಿ. ಹಾಲ್‌ನಲ್ಲಿ ಚಾಪೆ ಹಾಸಿ, ತೆಗೆದುಕೊಂಡು ಹೋಗಬೇಕು ಅಂದುಕೊಂಡದ್ದೆಲ್ಲ ಹರಡಿ. ಪ್ರತಿಯೊಂದನ್ನೂ ತೂಗಿ ಬರೆಯಿರಿ. ಸುಮ್ನೆ ಕೈಯಲ್ಲಿ ಹಿಡಿದು "ಇದೇನು ಭಾರ ಇಲ್ಲ ಬಿಡು" ಅನ್ನಬೇಡಿ. ಕೈಗೆ 200 ಗ್ರಾಂ ತಿಳಿಯುವುದಿಲ್ಲ. ಅಂಥ ಹತ್ತು ಸಾಮಾನು ಸೇರಿದರೆ ಎರಡು ಕೆಜಿ.

ಹೊರದೇಶದ ಟ್ರೆಕ್ಕರ್‌ಗಳು ಬೇಸ್ ವೇಟ್ ಅಂತ ಒಂದು ಲೆಕ್ಕ ಇಟ್ಟುಕೊಂಡಿದ್ದಾರೆ. ಊಟ, ನೀರು, ಇಂಧನ ಬಿಟ್ಟು ಬ್ಯಾಗು ಮತ್ತು ಅದರಲ್ಲಿರುವ ಉಳಿದ ಸಾಮಾನಿನ ತೂಕ ಅದು. 20 ಪೌಂಡು, ಅಂದರೆ 9 ಕೆಜಿ ಒಳಗಿದ್ದರೆ ಲೈಟ್‌ವೇಟ್. 10 ಪೌಂಡು, ಅಂದರೆ ನಾಲ್ಕೂವರೆ ಕೆಜಿ ಒಳಗಿದ್ದರೆ ಅಲ್ಟ್ರಾಲೈಟ್. ಅದು ಟೆಂಟು, ಹಾಸಿಗೆ ಎಲ್ಲ ಸೇರಿದ ಲೆಕ್ಕ. ಊಟ ನೀರು ದಿನದಿನಕ್ಕೆ ಕರಗುತ್ತವೆ, ಇದು ಕರಗುವುದಿಲ್ಲ. ಅದಕ್ಕೇ ಇದನ್ನು ಬೇರೆಯಾಗಿ ನೋಡಬೇಕು.

ಒಂದು ದಿನದ ಕುಮಾರ ಪರ್ವತಕ್ಕೆ ನನ್ನ ಬೇಸ್ ವೇಟ್ ಎರಡು ಕೆಜಿ. 25 ಲೀಟರಿನ ಬ್ಯಾಗು 550 ಗ್ರಾಂ. ಮಳೆ ಜಾಕೆಟ್ 280. ತೆಳು ಫ್ಲೀಸ್ (ಬೆಚ್ಚಗಿನ ಮೇಲಂಗಿ) 300. ಹಣೆಗೆ ಕಟ್ಟುವ ಟಾರ್ಚು 80. ಔಷಧಿ ಪೊಟ್ಟಣ 180. ಮೊಬೈಲು 190, ಸಣ್ಣ ಪವರ್ ಬ್ಯಾಂಕು 130. ಒಂದು ಜೊತೆ ಒಣ ಕಾಲುಚೀಲ, ಖಾಲಿ ಬಾಟಲಿ, ಪ್ಲಾಸ್ಟಿಕ್ ಚೀಲ. ಟರ್ಕಿ ಟವೆಲಿನ ಬದಲು ಒಂದು ಹಳೆಯ ಬೈರಾಸು, 110 ಗ್ರಾಂ. ಈ ಬೈರಾಸು ಮಾಡುವ ಕೆಲಸ ನೋಡಿ: ಬೆವರು ಒರೆಸುತ್ತದೆ, ಹುಲ್ಲುಗಾವಲಿನಲ್ಲಿ ತಲೆಗೆ ಕಟ್ಟಿದರೆ ಬಿಸಿಲು ತಡೆಯುತ್ತದೆ, ಕಾಲು ಉಳುಕಿದರೆ ಕಟ್ಟಲಿಕ್ಕೆ ಆಗುತ್ತದೆ. ಹಿಂಡಿ ಬ್ಯಾಗಿನ ಮೇಲೆ ಹರಡಿದರೆ ಅರ್ಧ ಗಂಟೆಯಲ್ಲಿ ಒಣಗುತ್ತದೆ. ನಮ್ಮ ಊರಿನ ಗಂಡಸರು ತೋಟಕ್ಕೆ ಹೋಗುವಾಗ ಹೆಗಲಿಗೆ ಹಾಕಿಕೊಳ್ಳುವುದು ಸುಮ್ನೆ ಅಲ್ಲ.

ತೂಗಿದ ಮೇಲೆ ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ: ಇದು ಇಲ್ಲದಿದ್ದರೆ ಏನಾಗುತ್ತದೆ? "ಸ್ವಲ್ಪ ಕಷ್ಟ ಆಗುತ್ತದೆ" ಅನ್ನುವ ಉತ್ತರ ಬಂದರೆ ಮನೆಯಲ್ಲೇ ಇಡಿ. "ಅಪಾಯ ಆಗುತ್ತದೆ" ಅಂತ ಬಂದರೆ ಚೀಲಕ್ಕೆ ಹಾಕಿ, ಎಷ್ಟೇ ತೂಕ ಇರಲಿ. ಮಳೆ ಜಾಕೆಟ್, ಟಾರ್ಚು, ಒಂದು ಬೆಚ್ಚಗಿನ ಬಟ್ಟೆ, ಔಷಧಿ, ಸೀಟಿ ಇವನ್ನು ನಾನು ಯಾವತ್ತೂ ಬಿಡುವುದಿಲ್ಲ. ಸಂಜೆ ನಾಲ್ಕಕ್ಕೇ ಇಳಿದು ಮುಗಿಯುತ್ತದೆ ಅಂತ ಟಾರ್ಚು ಬಿಟ್ಟು ಬಂದವರನ್ನು ಭೀಮನ ಬಂಡೆಯಿಂದ ಕೆಳಗೆ ಕತ್ತಲಲ್ಲಿ ಕೈಹಿಡಿದು ಇಳಿಸಿದ್ದೇನೆ. ಆ ಕಾಡಿನಲ್ಲಿ ಆರೂಕಾಲಿಗೇ ಬೇರು ಯಾವುದು, ಕಲ್ಲು ಯಾವುದು ಅಂತ ಕಾಣುವುದಿಲ್ಲ.

ಬ್ಯಾಗನ್ನು ಕೊನೆಗೆ ಆರಿಸಿ. ಮೊದಲು ದೊಡ್ಡ ಬ್ಯಾಗು ಕೊಂಡರೆ ಅದನ್ನು ತುಂಬುವ ತನಕ ಮನಸ್ಸಿಗೆ ಸಮಾಧಾನ ಇರುವುದಿಲ್ಲ. ಸೊಂಟದ ಪಟ್ಟಿ ಇರುವ ಬ್ಯಾಗೇ ಇರಲಿ. ಕಟ್ಟುವಾಗ ಮೊದಲು ಸೊಂಟದ ಮೂಳೆಯ ಮೇಲೆ ಪಟ್ಟಿ ಬಿಗಿಯಿರಿ, ಆಮೇಲೆ ಹೆಗಲಿನದು, ಕೊನೆಗೆ ಎದೆಯದು. ನೀರಿನಂಥ ಭಾರದ ಸಾಮಾನು ಬೆನ್ನಿಗೆ ಅಂಟಿಕೊಂಡ ಹಾಗೆ, ನಡುಬೆನ್ನಿನ ಎತ್ತರಕ್ಕೆ ಬರಲಿ.

ನೀರಿನ ಲೆಕ್ಕ

ಒಂದು ಲೀಟರ್ ನೀರು ಒಂದು ಕೆಜಿ. ಇದರಲ್ಲಿ ಯಾವ ಕಂಪನಿಯೂ ಹಗುರದ್ದು ಮಾಡಿ ಕೊಡಲಾರದು. ಹಾಗಾಗಿ ಬಾಟಲಿಯಲ್ಲಿ ಉಳಿಸಬೇಕು ಮತ್ತು ಎಲ್ಲಿ ತುಂಬಿಸಿಕೊಳ್ಳುತ್ತೇವೆ ಅನ್ನುವುದರಲ್ಲಿ ಉಳಿಸಬೇಕು. ಅಂಗಡಿಯಲ್ಲಿ ಸಿಗುವ ಒಂದು ಲೀಟರಿನ ನೀರಿನ ಬಾಟಲಿ ಖಾಲಿ ಇದ್ದಾಗ 30 ಗ್ರಾಂ ಕೂಡ ಇರುವುದಿಲ್ಲ. ನನ್ನ ಸ್ಟೀಲ್ ಬಾಟಲಿ 380. ಎರಡು ಬಾಟಲಿಗೆ ಸುಮಾರು 700 ಗ್ರಾಂ ಅಲ್ಲೇ ಇಳಿಯಿತು. ಆ ಬಾಟಲಿಯನ್ನು ವಾಪಸ್ ತರುವುದು ನಮ್ಮ ಜವಾಬ್ದಾರಿ. ಗಿರಿಗದ್ದೆಯಿಂದ ಮೇಲೆ ಹುಲ್ಲಿನಲ್ಲಿ ಬಿದ್ದ ಬಾಟಲಿ ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಕುಕ್ಕೆಯಲ್ಲಿ ಹೊರಡುವ ಮೊದಲು ಹೊಟ್ಟೆ ತುಂಬ ನೀರು ಕುಡಿಯುತ್ತೇನೆ. ಬ್ಯಾಗಿನಲ್ಲಿ ಒಂದೇ ಲೀಟರು. ಕೆಳಗಿನ ಕಾಡಿನಲ್ಲಿ ನೆರಳಿದೆ, ಬೆಳಗಿನ ತಂಪಿದೆ, ಗಿರಿಗದ್ದೆಯ ತನಕ ನನಗೆ ಅಷ್ಟು ಸಾಕು. ಗಿರಿಗದ್ದೆಯಲ್ಲಿ ಮತ್ತೆ ಚೆನ್ನಾಗಿ ಕುಡಿದು, ಎರಡೂ ಬಾಟಲಿ ತುಂಬಿಸಿಕೊಳ್ಳುತ್ತೇನೆ. ಮುಂದಿನದು ಬಟ್ಟ ಬಯಲು, ಅಲ್ಲಿ ಎರಡು ಲೀಟರಿಗಿಂತ ಕಡಿಮೆ ಹಿಡಿಯಬೇಡಿ. ಬೆವರು ಜಾಸ್ತಿ ಇದ್ದವರು ಮೂರು ಹಿಡಿಯಿರಿ. ಕಲ್ಲು ಮಂಟಪದ ಹತ್ತಿರ ಮಳೆಗಾಲ ಮುಗಿದ ಹೊಸತರಲ್ಲಿ ನೀರು ಸಿಗುತ್ತದೆ. ಚಳಿಗಾಲ ಕಳೆಯುತ್ತ ಬಂದ ಹಾಗೆ ಅದನ್ನು ನಂಬಬಾರದು. ಅಲ್ಲಿ ತುಂಬಿಸಿದರೆ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಕಾಯಿರಿ. ಹತ್ತು ಮಾತ್ರೆಯ ಪಟ್ಟಿ ಹತ್ತು ಗ್ರಾಂ ಕೂಡ ತೂಗುವುದಿಲ್ಲ.

ಬರೀ ನೀರು ಕುಡಿಯುತ್ತ ಹೋದರೆ ತೊಡೆ ಹಿಡಿದುಕೊಳ್ಳುತ್ತದೆ. ಓಆರ್‌ಎಸ್ ಪೊಟ್ಟಣ ಎರಡು ಇಟ್ಟುಕೊಳ್ಳಿ. ಇಳಿಯುವ ಮೊದಲು ಒಂದನ್ನು ಒಂದು ಲೀಟರಿಗೆ ಪೂರ್ತಿ ಬೆರೆಸಿ ಕುಡಿಯಿರಿ.

ಅವಲಕ್ಕಿಯ ಬಗ್ಗೆ ನಾಲ್ಕು ಮಾತು

ಊಟದಲ್ಲಿ ನೋಡಬೇಕಾದದ್ದು ನೂರು ಗ್ರಾಂ ಹೊತ್ತರೆ ಎಷ್ಟು ಶಕ್ತಿ ಸಿಗುತ್ತದೆ ಅಂತ. ಸೇಬಿನಲ್ಲಿ ನೂರು ಗ್ರಾಂಗೆ ಸುಮಾರು 50 ಕ್ಯಾಲೊರಿ, ಯಾಕೆಂದರೆ ಅದರಲ್ಲಿ ಬಹುಪಾಲು ನೀರೇ. ಅವಲಕ್ಕಿಯಲ್ಲಿ ಸುಮಾರು 350. ನೆಲಗಡಲೆಯಲ್ಲಿ 560ರ ಹತ್ತಿರ. ಒಣಕೊಬ್ಬರಿಯಲ್ಲಿ 650 ದಾಟುತ್ತದೆ. ನಾನು ಆವತ್ತು ಹೊತ್ತಿದ್ದ ಒಂದು ಕೆಜಿ ಸೇಬಿನ ಶಕ್ತಿ ನೂರು ಗ್ರಾಂ ನೆಲಗಡಲೆಗೂ ಸಮ ಆಗುತ್ತಿರಲಿಲ್ಲ.

ಒಲೆ ಇಲ್ಲದೆ, ತಣ್ಣೀರಲ್ಲಿ ನೆನೆಯುವ ಊಟವನ್ನು ಹೊರದೇಶದವರು ಈಗ ದೊಡ್ಡ ವಿದ್ಯೆಯ ಹಾಗೆ ಕಲಿಯುತ್ತಿದ್ದಾರೆ. ನಮ್ಮ ಮನೆಗಳಲ್ಲಿ ಗೊಜ್ಜವಲಕ್ಕಿ ಎಷ್ಟು ಕಾಲದಿಂದ ಇದೆ ಅಲ್ವಾ? ನಾನು ಮಾಡುವ ಕ್ರಮ ಹೀಗೆ. ದಪ್ಪ ಅವಲಕ್ಕಿಯನ್ನು ಮಿಕ್ಸಿಯಲ್ಲಿ ಒಂದೇ ಸುತ್ತು ತಿರುಗಿಸಿ ತರಿ ಮಾಡಬೇಕು. ಹಿಟ್ಟಾಗಬಾರದು, ಬೆರಳಿಗೆ ರವೆಗಿಂತ ದಪ್ಪ ತಾಗಬೇಕು. ನೂರು ಗ್ರಾಂ ತರಿಗೆ ಒಂದು ಚಮಚ ಸಾರಿನ ಪುಡಿ, ಎರಡು ಚಮಚ ಪುಡಿ ಬೆಲ್ಲ, ರುಚಿಗೆ ಉಪ್ಪು, ಒಂದು ಹಿಡಿ ಕೊಬ್ಬರಿ ತುರಿ. ಹುಣಸೆಹಣ್ಣಿನ ಬದಲು ಆಮ್‌ಚೂರ್ ಪುಡಿ ಹಾಕಿದರೆ ಎಲ್ಲ ಒಣದೇ ಆಗುತ್ತದೆ. ಸಾಸಿವೆ, ಕಡಲೆಬೇಳೆ, ನೆಲಗಡಲೆ, ಕರಿಬೇವು ಒಗ್ಗರಣೆ ಮಾಡಿ, ಪೂರ್ತಿ ಆರಿದ ಮೇಲೆ ಬೆರೆಸಿ. ಬಿಸಿ ಇರುವಾಗ ಬೆರೆಸಿದರೆ ಒಳಗೆ ಹಬೆ ಕಟ್ಟಿ ಗಂಟಾಗುತ್ತದೆ. ಜಿಪ್ ಇರುವ ಚೀಲಕ್ಕೆ ತುಂಬಿ.

ಕಲ್ಲು ಮಂಟಪ ತಲುಪಿದ ಕೂಡಲೇ ಚೀಲದ ಬಾಯಿ ತೆರೆದು, ಅವಲಕ್ಕಿ ಬರೀ ಒದ್ದೆಯಾಗುವಷ್ಟು ನೀರು ಹಾಕುತ್ತೇನೆ. ಗಾಳಿ ಹೊರಗೆ ಒತ್ತಿ ಜಿಪ್ ಮುಚ್ಚಿ, ಎರಡು ಸಲ ಕೈಯಲ್ಲಿ ಹಿಚುಕಿ ಬಿಸಿಲಿನ ಕಲ್ಲಿನ ಮೇಲೆ ಇಡುತ್ತೇನೆ. ಶೂ ಬಿಚ್ಚಿ, ಕಾಲುಚೀಲ ಕೊಡವಿ, ಮತ್ತೆ ಹಾಕಿಕೊಳ್ಳುವಷ್ಟರಲ್ಲಿ ಅದು ಅರಳಿರುತ್ತದೆ. ಚೀಲದಿಂದಲೇ ತಿಂದು, ಅದೇ ಚೀಲ ಮಡಚಿ ಕಸಕ್ಕೆ. ತಟ್ಟೆ ಇಲ್ಲ, ಪಾತ್ರೆ ಇಲ್ಲ, ತೊಳೆಯುವ ನೀರೂ ಇಲ್ಲ. ನಡುವೆ ಬಾಯಿಗೆ ಹಾಕಲಿಕ್ಕೆ ಬೆಲ್ಲ, ನೆಲಗಡಲೆ, ಖರ್ಜೂರ. ಬೇಸಿಗೆಯಲ್ಲಿ ಅಮ್ಮ ಮಾಡಿಟ್ಟ ಮಾಂಬಳ (ಮಾವಿನ ರಸ ಒಣಗಿಸಿದ್ದು) ಇದ್ದರೆ ಎರಡು ತುಂಡು. ಒಟ್ಟು 600 ಗ್ರಾಂ.

ಕಾಲು, ಮಳೆ, ಇಂಬಳ

ಕಾಲಿನ ಮೇಲಿನ ಭಾರ ಬೆನ್ನಿನ ಮೇಲಿನ ಅಷ್ಟೇ ಭಾರಕ್ಕಿಂತ ಹಲವು ಪಟ್ಟು ಜಾಸ್ತಿ ದಣಿಸುತ್ತದೆ, ಯಾಕೆಂದರೆ ಪ್ರತಿ ಹೆಜ್ಜೆಗೂ ಅದನ್ನು ಎತ್ತಿ ಬೀಸಬೇಕು. ಒಂದು ಜೊತೆಯೇ ಒಂದು ಕೆಜಿ ಮೀರುವ ಚರ್ಮದ ಬೂಟು ನಮ್ಮ ಘಟ್ಟಕ್ಕೆ ಬೇಡ. ಒಳಗೆ ನೀರು ಹೋದರೆ ಎರಡು ದಿನ ಒಣಗುವುದಿಲ್ಲ. ತಳದಲ್ಲಿ ಆಳವಾದ ಹಲ್ಲಿರುವ, ಮೇಲೆ ಬಲೆಯ ಬಟ್ಟೆ ಇರುವ ಟ್ರೇಲ್ ರನ್ನಿಂಗ್ ಶೂ ಸಾಕು. ನೇಪಾಳದ ಪೋರ್ಟರ್‌ಗಳು ಗೋಲ್ಡ್‌ಸ್ಟಾರ್ ಅನ್ನುವ ಅಗ್ಗದ ಹಗುರ ಶೂನಲ್ಲೇ ದೊಡ್ಡ ದೊಡ್ಡ ಹೊರೆ ಸಾಗಿಸುತ್ತಾರೆ. ಹೊಸ ಶೂನಲ್ಲಿ ಮಾತ್ರ ನೇರ ಬೆಟ್ಟಕ್ಕೆ ಹೋಗಬೇಡಿ. ಎರಡು ವಾರ ಊರಲ್ಲೇ ನಡೆದು ಪಳಗಿಸಿ. ಹಿಂದೆ ಕಾಲು ಉಳುಕಿದ್ದವರು ಗಿಣ್ಣು ಮುಚ್ಚುವ ಶೂ ಹಾಕುವುದೇ ಒಳ್ಳೆಯದು, ತೂಕ ಸ್ವಲ್ಪ ಜಾಸ್ತಿಯಾದರೂ ಸರಿ.

ಕೋಲು ಹಿಡಿಯಿರಿ. ಇಳಿಯುವಾಗ ಮೊಣಕಾಲಿಗೆ ಬೀಳುವ ಪೆಟ್ಟನ್ನು ಕೈ ಹಂಚಿಕೊಳ್ಳುತ್ತದೆ. ಮನೆಯಿಂದ ಬಿದಿರಿನ ಕೋಲು ತಂದರೂ ಆಯಿತು. ವನ್ಯಧಾಮದೊಳಗೆ ಗಿಡ ಕಡಿಯಬಾರದು.

ಮಳೆಗೆ ಬ್ಯಾಗಿನ ಮೇಲೆ ಹಾಕುವ ಕವರನ್ನು ನಾನು ನಂಬುವುದಿಲ್ಲ. ಬೆನ್ನಿನ ಕಡೆಯಿಂದ ನೀರು ಇಳಿದೇ ಇಳಿಯುತ್ತದೆ, ಶೇಷ ಪರ್ವತದ ಗಾಳಿಗೆ ಕವರು ಹಾರಿ ಹೋಗುವುದೂ ಉಂಟು. ಅದರ ಬದಲು ಬ್ಯಾಗಿನ ಒಳಗೆ ಒಂದು ದೊಡ್ಡ ದಪ್ಪ ಕಸದ ಚೀಲ ಇಳಿಸಿ, ಎಲ್ಲವನ್ನೂ ಅದರೊಳಗೆ ತುಂಬಿ ಬಾಯಿ ತಿರುಚಿ. 60 ಗ್ರಾಂ. ಬ್ಯಾಗು ಹೊಳೆಗೆ ಬಿದ್ದರೂ ಫ್ಲೀಸ್ ಒಣಗಿರುತ್ತದೆ. ನನ್ನಜ್ಜ ಮಳೆಗಾಲದಲ್ಲಿ ಗದ್ದೆಗೆ ಕಂಬಳಿಕೊಪ್ಪೆ ಹಾಕಿಕೊಂಡು ಹೋಗುತ್ತಿದ್ದರು. ಒದ್ದೆಯಾದರೂ ಉಣ್ಣೆ ಬೆಚ್ಚಗಿರುತ್ತದೆ ಅಂತ ಅವರಿಗೆ ಗೊತ್ತಿತ್ತು. ಹತ್ತಿ ಬಟ್ಟೆ ಹಾಗಲ್ಲ, ಒದ್ದೆಯಾದರೆ ಮೈಯ ಬಿಸಿ ಹೀರುತ್ತದೆ. ಮೈಗೆ ಪಾಲಿಯೆಸ್ಟರ್ ಅಂಗಿ, ನೈಲಾನ್ ಪ್ಯಾಂಟು ಹಾಕಿ. ಜೀನ್ಸ್ ಬೇಡವೇ ಬೇಡ.

ಅಕ್ಟೋಬರಿನಲ್ಲಿ ಹೋಗುವುದಾದರೆ ಕೆಳಗಿನ ಕಾಡಿನಲ್ಲಿ ಇಂಬಳ (ರಕ್ತ ಹೀರುವ ಜಿಗಣೆ) ಇನ್ನೂ ಇರುತ್ತವೆ. ಪ್ಯಾಂಟಿನ ಮೇಲೆ ಮೊಣಕಾಲಿನ ತನಕ ಬರುವ ನೇಯ್ಗೆ ಬಿಗಿಯಾದ ಕಾಲುಚೀಲ ಎಳೆದುಕೊಳ್ಳಿ. ಒಂದು ಸಣ್ಣ ಬಟ್ಟೆಯಲ್ಲಿ ಉಪ್ಪಿನ ಗಂಟು ಕಟ್ಟಿ ಜೇಬಿನಲ್ಲಿಡಿ, ಹತ್ತಿದ್ದಕ್ಕೆ ಮುಟ್ಟಿಸಿದರೆ ಬಿಡುತ್ತದೆ. ಅಲ್ಲಿ ಜಾಸ್ತಿ ಹೊತ್ತು ನಿಲ್ಲಬೇಡಿ.

ರಾತ್ರಿ ಉಳಿಯುವ ದಾರಿಗೆ

ಟೆಂಟು ಹೊತ್ತು ನಾಲ್ಕೈದು ದಿನ ನಡೆಯುವ ಆಸೆ ಇದ್ದರೆ ಹಿಮಾಲಯಕ್ಕೆ ಹೋಗಬೇಕು. ನಾನು ಮತ್ತು ತಮ್ಮ, ದಾರಿ ತಿಳಿದ ಸ್ಥಳೀಯ ಗೈಡ್ ಒಬ್ಬರ ಜೊತೆ, ಹಿಮಾಚಲದ ಹಂಪ್ಟಾ ಪಾಸ್ (ಬೆಟ್ಟಸಾಲು ದಾಟುವ ದಾರಿ) ಮಾಡಿದೆವು. ಜೋಬ್ರಾದಿಂದ ಹತ್ತಿ, ಚಿಕ್ಕಾ, ಬಾಲೂ ಕಾ ಘೇರಾ ದಾಟಿ, ಸುಮಾರು 4,270 ಮೀಟರ್ ಎತ್ತರದ ಪಾಸ್ ಏರಿ, ಶಿಯಾ ಗೋರು ಮೂಲಕ ಲಾಹೌಲ್ ಕಡೆಯ ಛತ್ರುಗೆ ಇಳಿಯುವ ದಾರಿ. ನನ್ನ ಬೇಸ್ ವೇಟ್ 5 ಕೆಜಿ 800 ಇತ್ತು.

ಇಲ್ಲಿ ತೂಕ ಕೂತಿರುವುದು ಬ್ಯಾಗು, ಟೆಂಟು, ಸ್ಲೀಪಿಂಗ್ ಬ್ಯಾಗು ಈ ಮೂರರಲ್ಲಿ. ದುಡ್ಡು ಹಾಕುವುದಾದರೆ ಇವಕ್ಕೇ ಹಾಕಿ, ಇಲ್ಲ ಬಾಡಿಗೆಗೆ ತನ್ನಿ. ಎರಡು ಕೆಜಿಯ ಟೆಂಟನ್ನು ಇಬ್ಬರೂ ಹಂಚಿಕೊಂಡೆವು, ಬಟ್ಟೆ ಅವನಿಗೆ, ಕಂಬಿ ಮತ್ತು ಮೊಳೆ ನನಗೆ. ಬಾತುಕೋಳಿಯ ಪುಕ್ಕ ತುಂಬಿದ ಸ್ಲೀಪಿಂಗ್ ಬ್ಯಾಗು ಒಂದು ಕೆಜಿ ಚಿಲ್ಲರೆ. ಅಷ್ಟೇ ಬೆಚ್ಚಗಿನ ಸಿಂಥೆಟಿಕ್ ಆದರೆ ಎರಡರ ಹತ್ತಿರ. ಪುಕ್ಕದ್ದು ಒದ್ದೆಯಾದರೆ ಕೆಲಸಕ್ಕೆ ಬಾರದು, ಆ ಕಸದ ಚೀಲ ಇಲ್ಲಿ ಇನ್ನೂ ಮುಖ್ಯ. ಹಾಸುವ ಫೋಮ್ ಚಾಪೆಯನ್ನು ನಾನು ಭುಜದಿಂದ ಮೊಣಕಾಲಿನ ತನಕ ಬರುವಷ್ಟಕ್ಕೆ ಕತ್ತರಿಸಿದ್ದೇನೆ. ಕಾಲಿನ ಕೆಳಗೆ ಖಾಲಿ ಬ್ಯಾಗು ಬರುತ್ತದೆ. ಬಟ್ಟೆ ಎರಡೇ ಜೊತೆ: ನಡೆಯುವುದಕ್ಕೆ ಒಂದು, ಮಲಗುವುದಕ್ಕೆ ಒಂದು. ಮಲಗುವ ಜೊತೆಯನ್ನು ಏನೇ ಆದರೂ ಒದ್ದೆ ಮಾಡಬೇಡಿ. ನೀರಿನ ಫಿಲ್ಟರ್ ಇದ್ದರೆ ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಳ್ಳಿ, ಒಳಗಿನ ನೀರು ಹೆಪ್ಪುಗಟ್ಟಿದರೆ ಅದು ಹಾಳು. ಅಡುಗೆಯ ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಮನಾಲಿಯಲ್ಲೇ ಕೊಳ್ಳಬೇಕು.

ಹಿಮ ಕರಗಿದ ತೊರೆಗಳನ್ನು ಬೆಳಿಗ್ಗೆಯೇ ದಾಟಿ. ಬಿಸಿಲೇರಿದ ಹಾಗೆ ನೀರು ಏರುತ್ತದೆ. ದಾಟುವಾಗ ಸೊಂಟ ಮತ್ತು ಎದೆಯ ಪಟ್ಟಿ ಬಿಚ್ಚಿಕೊಳ್ಳಿ, ಬಿದ್ದರೆ ಬ್ಯಾಗು ಬಿಟ್ಟು ಏಳಬಹುದು.

ಹಗುರ ಬ್ಯಾಗಿಗೆ ಒಂದು ಅಪಾಯ ಇದೆ, ಅದನ್ನೂ ಹೇಳಬೇಕು. ಕಾಲು ಚುರುಕಾಗಿ ಓಡುತ್ತದೆ, ಇವತ್ತೇ ಮುಂದಿನ ಕ್ಯಾಂಪಿಗೆ ಹೋಗೋಣ ಅನ್ನಿಸುತ್ತದೆ. ಎತ್ತರಕ್ಕೆ ಮೈ ಒಗ್ಗಲಿಕ್ಕೆ ಸಮಯ ಬೇಕು, ಹಾಗಾಗಿ 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬಾರದು. ಬಾಲೂ ಕಾ ಘೇರಾದಲ್ಲಿ ತಮ್ಮನಿಗೆ ತಲೆನೋವು ಶುರುವಾಯಿತು, ಊಟ ಬೇಡ ಅಂದ. ಅಲ್ಲೇ ಒಂದು ದಿನ ಜಾಸ್ತಿ ಉಳಿದೆವು. ಮರುದಿನ ಸಂಜೆ ಅವನೇ ಹಸಿವು ಅಂತ ಕೇಳಿದ. ಆಮೇಲೇ ಮೇಲೆ ಹೋದದ್ದು. ಕಡಿಮೆ ಆಗದಿದ್ದರೆ ಇಳಿಯುತ್ತಿದ್ದೆವು.

ಮನೆಗೆ ಬಂದ ದಿನವೇ ಬ್ಯಾಗು ಬಿಚ್ಚಿ ಚಾಪೆಯ ಮೇಲೆ ಮೂರು ರಾಶಿ ಮಾಡಿ. ದಿನಾ ಬಳಸಿದ್ದು, ಒಮ್ಮೆ ಬಳಸಿದ್ದು, ಕೈಯಿಂದ ಮುಟ್ಟದೇ ಇದ್ದದ್ದು. ಒಂದು ವಾರ ಬಿಟ್ಟರೆ ಯಾವುದು ಯಾವುದು ಅಂತ ಮರೆತು ಹೋಗುತ್ತದೆ. ಹಂಪ್ಟಾದಿಂದ ಬಂದ ಮೇಲೆ ನನ್ನ ಮೂರನೇ ರಾಶಿಯಲ್ಲಿ ಇದ್ದದ್ದು ನಾಲ್ಕು ಸಾಮಾನು: ಎರಡನೇ ಟೋಪಿ, ಒಂದು ಪುಸ್ತಕ, ಕ್ರೇಪ್ ಬ್ಯಾಂಡೇಜು, ಸೀಟಿ. ಟೋಪಿ, ಪುಸ್ತಕ ಕಪಾಟಿಗೆ ಹೋದವು. ಬ್ಯಾಂಡೇಜನ್ನೂ ಸೀಟಿಯನ್ನೂ ಒರೆಸಿ ಮತ್ತೆ ಬ್ಯಾಗಿನ ಮೇಲಿನ ಜೇಬಿಗೇ ಹಾಕಿಟ್ಟೆ.